ಗುಬ್ಬಿಯ ಹಾಜರಿ

ನಾನು, ವಯಸ್ಸು ಎಪ್ಪತ್ತೊಂದು, ಕೊಡೆ ರಿಪೇರಿ ಕೆಲಸ, ವಾಸ ಮಾರ್ಕೆಟ್ಟಿನ ಹಿಂದಿನ ಓಣಿಯ ಮಹಡಿ ಕೋಣೆ, ಓಣಿಯವರಿಗೆಲ್ಲ ಕೊಡೆ ತಾತ, ಈ ಮೂಲಕ ತಿಳಿಸುವುದೇನೆಂದರೆ:

ನಾನು ಒಬ್ಬನೇ ಇದ್ದೇನೆ. ಪಕ್ಕದ ಕೋಣೆಯ ಗಾರೆ ಕೆಲಸದವರ ಮಗಳು, ಎಲ್ಲರೂ ಗುಬ್ಬಿ ಎನ್ನುವ ಹುಡುಗಿ, ಆರನೇ ತರಗತಿ. ಅವರ ಮನೆಗೆ ಇರುವುದು ಒಂದೇ ಫೋನು. ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ಪಾಠ ಫೋನಿನಲ್ಲೇ ಶುರುವಾದ ಮೇಲೆ ಅವಳು ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕೋಣೆಗೆ ಬಂದು ನನ್ನ ಫೋನಿನಲ್ಲಿ ಕಲಿಯುತ್ತಿದ್ದಳು. ಪಾಠಕ್ಕೆ ಸೇರಲು ಯಾವ ನೀಲಿ ಗುರುತು ಒತ್ತಬೇಕೆಂದು ನನಗೂ ಕಲಿಸಿದಳು. ತಾತಾ, ಅದು ಕೊಡೆ ಅಲ್ಲ, ಮೆಲ್ಲಗೆ ಒತ್ತು ಎಂದು ಗದರುತ್ತಿದ್ದಳು.

ಕಳೆದ ತಿಂಗಳು ಅವರಿಗೆ ದೂರದಲ್ಲಿ ಕಟ್ಟಡದ ಕೆಲಸ ಸಿಕ್ಕಿ ಮೂವರೂ ಹೊರಟರು. ಎರಡು ವಾರ ಪಾಠಕ್ಕೆ ಬಾರದವರ ಹೆಸರು ತೆಗೆದುಹಾಕುತ್ತಾರೆಂದು ಗುಬ್ಬಿ ಮೆಟ್ಟಿಲ ಮೇಲೆ ಕೂತು ಅತ್ತಳು. ಹೋಗಿ ಬಾ ಮಗಾ, ನಿನ್ನ ಹೆಸರನ್ನು ನಾನು ಕಾಯ್ತೀನಿ ಎಂದು ಮಾತು ಕೊಟ್ಟೆ. ಇದಕ್ಕೆ ಅವಳ ಹೆತ್ತವರು ಹೊಣೆಯಲ್ಲ.

ಮರುದಿನದಿಂದ ಒಂಬತ್ತಕ್ಕೆ ನಾನೇ ಅವಳ ಹೆಸರಿನಲ್ಲಿ ಪಾಠಕ್ಕೆ ಸೇರಿದೆ. ಕ್ಯಾಮೆರಾ ಮೇಲೆ ಕೊಡೆ ಬಟ್ಟೆಯ ತುಂಡು ಅಂಟಿಸಿದ್ದೆ. ಮೈಕು ಬಂದ್ ಇತ್ತು. ಮೇಡಂ ದಿನಾ ಎಲ್ಲರದೂ ತಿಂಡಿ ಆಯ್ತಾ ಎಂದು ಕೇಳುತ್ತಿದ್ದರು. ಆಯ್ತು ಎಂದು ನಾನೂ ಹೇಳುತ್ತಿದ್ದೆ, ಯಾರಿಗೂ ಕೇಳಿಸುತ್ತಿರಲಿಲ್ಲ. ಆಗದ ದಿನವೂ ಆಯ್ತು ಎಂದೇ ಹೇಳಿದ್ದೇನೆ. ಅವಳು ಬಂದಾಗ ಬೇಕಾಗುತ್ತದೆಂದು ಲೆಕ್ಕದ ಪಾಠಗಳನ್ನು ಸೀಮೆಸುಣ್ಣದಲ್ಲಿ ಹಳೆ ಕೊಡೆಗಳ ಮೇಲೆ ಬರೆದಿಟ್ಟಿದ್ದೇನೆ. ತಾವು ಬಿಚ್ಚಿ ನೋಡಬಹುದು. ಭಿನ್ನರಾಶಿ ಹಿಡಿ ಮುರಿದ ಕೊಡೆಯಲ್ಲಿದೆ.

ನಿನ್ನೆ ಮೇಡಂ ಒಬ್ಬೊಬ್ಬರೂ ಬಾಯಿಬಿಟ್ಟು ಹಾಜರಿ ಹೇಳಬೇಕೆಂದರು. ಗುಬ್ಬಿಯನ್ನು ಮೂರು ಸಲ ಕರೆದರು. ಹೆಸರು ಹೋಗಿಬಿಡುತ್ತದೆಂಬ ಗಾಬರಿಯಲ್ಲಿ ಮೈಕು ಒತ್ತಿ, ಇದೀನಿ ಮೇಡಂ ಎಂದೆ. ಒಬ್ಬ ಹುಡುಗ, ಅಯ್ಯೋ, ಗುಬ್ಬಿ ರಾತ್ರೋರಾತ್ರಿ ಗೂಬೆ ಆಗಿದಾಳೆ ಎಂದ. ಮಕ್ಕಳೆಲ್ಲ ನಕ್ಕರು. ನನಗೂ ನಗು ಬಂತು. ಮೇಡಂ ನಗಲಿಲ್ಲ, ಪಾಠ ನಿಲ್ಲಿಸಿದರು. ಗುರುತಿಲ್ಲದ ಗಂಡಸು ತರಗತಿಗೆ ನುಗ್ಗಿದ್ದಾನೆಂದು ಶಾಲೆಯವರು ದೂರು ಕೊಟ್ಟದ್ದು ಸರಿಯೇ. ನನಗೆ ಮೊಮ್ಮಕ್ಕಳಿದ್ದಿದ್ದರೆ ನಾನೂ ಕೊಡುತ್ತಿದ್ದೆ.

ಫೋನನ್ನು ಠಾಣೆಗೆ ಒಪ್ಪಿಸಿದ್ದೇನೆ. ವಿಚಾರಣೆ ಮುಗಿಯುವ ತನಕ ಇಲ್ಲೇ ಇರಲಿ. ಗುಬ್ಬಿ ಬರುವುದು ಮುಂದಿನ ವಾರ. ಅಲ್ಲಿಯವರೆಗೆ ಒಂಬತ್ತಕ್ಕೆ ತಮ್ಮಲ್ಲಿ ಯಾರಾದರೂ ಆ ನೀಲಿ ಗುರುತನ್ನು ಮೆಲ್ಲಗೆ ಒತ್ತಿ. ಮೈಕು ಬಂದ್ ಇರಲಿ. ಮೇಡಂ ತಿಂಡಿ ಕೇಳಿದರೆ ಮಾತ್ರ ಆಯ್ತು ಎನ್ನಿ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ಇದ್ದದ್ದೇ ಹೇಳಿದ್ದೇನೆ.

ಸ್ಥಳ: ಠಾಣೆಯ ಬೆಂಚು
ದಿನಾಂಕ: ಹದಿನಾಲ್ಕು, ಗುರುವಾರ
ಸಹಿ: ಕೊಡೆ ತಾತ