ಕಂಪ್ಯೂಟರಿಗೆ ಟೇಪಿನ ಕೊಳೆ

೨೦೦೫ರ ಒಂದು ಬೆಳಿಗ್ಗೆ, ಹನುಮಂತನಗರದ ಬಸ್ಸು. ಮುಂದಿನ ಸೀಟಿನಲ್ಲಿ ನಮ್ಮ ಬೀದಿಯ ನಾಗಭೂಷಣ್, ಜೊತೆಗೆ ಅವನ ಗೆಳೆಯ ವೇಣು. ನಾಗಭೂಷಣ್ ಮನೆಯಲ್ಲೇ ಭಕ್ತಿಗೀತೆ ರೆಕಾರ್ಡ್ ಮಾಡುತ್ತಾನೆ, ಬೀದಿಗೆಲ್ಲ ಕೇಳಿಸುತ್ತದೆ.

"ಕಂಪ್ಯೂಟರಲ್ಲಿ ದನಿ ತೀರಾ ಕ್ಲೀನು ಗುರು. ಅದಕ್ಕೇ ಟೇಪಿನ ಪ್ಲಗಿನ್ ಅಂತ ಒಂದು ಸಾಫ್ಟ್‌ವೇರ್ ಹಾಕ್ದೆ."

"ಅದೇನ್ ಮಾಡತ್ತೆ?"

"ಹಳೇ ಟೇಪಿನ ಥರ ದನಿ ದಪ್ಪ ಆಗತ್ತೆ, ಜೋರಾದ ಕಡೆ ಸ್ವಲ್ಪ ಒಡೆಯತ್ತೆ, ಹಿಂದೆ ಸುಯ್ ಅನ್ನತ್ತೆ."

"ನಿಮ್ಮಪ್ಪ ಕ್ಯಾಸೆಟ್ ಅಂಗಡೀಲಿ ಆ ಸುಯ್ ತೆಗೆಯಕ್ಕೇ ದಿನಾ ಟೇಪಿನ ಹೆಡ್ ಒರೆಸ್ತಿದ್ರಲ್ಲೋ."

"ಅದೇ ಆಗಿದ್ದು. ಅಪ್ಪಂಗೆ ಸುಯ್ ಕೇಳಿಸ್ತು, ಸ್ಪಿರಿಟ್ಟು ಹತ್ತಿ ಹಿಡ್ಕೊಂಡ್ ಬಂದ್ರು. ಕಂಪ್ಯೂಟರ್ ಆಫ್ ಮಾಡ್ಸಿ, ಸಿಡಿ ಹಾಕೋ ಜಾಗ ಎಲ್ಲಾ ಒರೆಸಿದ್ರು."

"ಆಮೇಲೆ?"

"ಪ್ಲಗಿನ್ ಹಾಕಿದ್ದು ಸೇವ್ ಮಾಡಿರ್ಲಿಲ್ಲ, ಹೋಯ್ತು. ಆನ್ ಮಾಡಿದ್ರೆ ಸುಯ್ ಇಲ್ಲ."

"ನಿಜ ಹೇಳ್ಬೇಕಿತ್ತು."

"ಹೆಂಗ್ ಹೇಳೋದು? ಹಾಡೋ ಮಹಾನಂದಮ್ಮ ಅಲ್ಲೇ ಇದ್ರು. ಯಜಮಾನ್ರ ಕೈಗುಣ ಅಂತ ಅಪ್ಪಂಗೆ ಕೈ ಮುಗಿದ್ರು."

ಬಸ್ಸು ನಿಂತಿತು. ನಾಗಭೂಷಣ್ ಎದ್ದ.

"ಇಳಿಯೋ, ಮೆಡಿಕಲ್ಸಲ್ಲಿ ಸ್ಪಿರಿಟ್ ತಗೋಬೇಕು. ಇನ್ಮೇಲೆ ದಿನಾ ಒರೆಸ್ತಾರಂತೆ."

"ಮತ್ತೆ ಪ್ಲಗಿನ್?"

"ಮಧ್ಯಾಹ್ನ ಅಪ್ಪ ಮಲಗಿದ್ಮೇಲೆ ಹಾಕ್ತೀನಿ."