ಮೊದಲಿಂದಮ್ಮನ ಪಾಠ

"ಬಾಯಾರಿಕೆಗೂ ಒಂದು ಕ್ರಮ ಅಂತ ಇರುತ್ತಾ?"

ಅಜ್ಜಿ ಕೇಳಿದ್ದು ನಮ್ಮನ್ನಲ್ಲ. ಅವಳ ಕಣ್ಣು ಸೂರಿನ ಮೇಲಿತ್ತು.

ಹೊರಗೆ ಮಳೆ ಹಿಡಿದುಕೊಂಡುಬಿಟ್ಟಿತ್ತು. ಕರೆಂಟು ಹೋಗಿ, ಬಸ್ಸು ನಿಂತು, ಸಂಜೆಯ ತರಗತಿ ಮುಗಿದ ಮೇಲೂ ನಾವು ಮೂವರು ಹುಡುಗಿಯರು ಆ ಆರೈಕೆಮನೆಯಲ್ಲೇ ಉಳಿದಿದ್ದೆವು. ವಾಸಿಯಾಗದ ಕಾಯಿಲೆಯವರನ್ನು ಕೊನೆಯುಸಿರಿನ ತನಕ ನೋಡಿಕೊಳ್ಳುವ ಮನೆ ಅದು. ನೋಡಿಕೊಳ್ಳುವುದು ಹೇಗೆಂದು ಕಲಿಯಲು ಬಂದವರು ನಾವು. ಅಜ್ಜಿ ಅಲ್ಲಿ ತಲೆ ನೆರೆಯುವ ತನಕ ಹಾಸಿಗೆ ಬಟ್ಟೆ ಒಗೆದವಳು. ಈಗ ಅಲ್ಲೇ ಹಾಸಿಗೆ ಹಿಡಿದಿದ್ದಳು. ಗುಟುಕು ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಗಾಗ ಹತ್ತಿ ಅದ್ದಿ ತುಟಿ ಒದ್ದೆ ಮಾಡಬೇಕು, ಅಷ್ಟೇ. ಅವಳ ಮಂಚದ ಮೇಲೆ ಸೂರು ಸೋರತೊಡಗಿದ್ದರಿಂದ ಸ್ವಲ್ಪ ಹೊತ್ತಿನ ಮುಂಚೆ ನಾವೇ ಅವಳನ್ನು ಎತ್ತಿ ಕಿಟಕಿ ಪಕ್ಕದ ಖಾಲಿ ಮಂಚಕ್ಕೆ ತಂದು ಮಲಗಿಸಿದ್ದೆವು. ಬೇಡ ಬೇಡವೆಂದು ಕೈ ಅಲ್ಲಾಡಿಸಿದ್ದಳು. ವಯಸ್ಸಾದವರ ಹಟವೆಂದುಕೊಂಡೆವು.

"ತುಟಿ ಒಣಗ್ತಿದೆ ಕಣ್ರೇ," ಎಂದಳು ಅಜ್ಜಿ.

ಅವತ್ತಿನ ಸರದಿ ಮಾತಿನಮಲ್ಲಿಯದು. ನಮ್ಮಲ್ಲಿ ಬಾಯಿ ಜೋರಿನವಳಿಗೆ ನಾವಿಟ್ಟ ಹೆಸರು ಅದು. ನೀರಿನ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ನಕ್ಕಳು. "ಮೊದಲು ಒಂದು ದೆವ್ವದ ಕತೆ ಹೇಳಜ್ಜಿ, ಆಮೇಲೆ ನೀರು. ಪುಕ್ಕಟೆ ಏನೂ ಸಿಗಲ್ಲ."

ಮೂರನೆಯವಳು ಕಿಸಕ್ಕನೆ ನಕ್ಕಳು. ನಾನೋ, ಮುಸ್ಸಂಜೆಯಲ್ಲಿ ರಾಗವಾಗಿ ಪದ್ಯ ಓದುತ್ತಿದ್ದ ಅಜ್ಜನ ಮುಂದೆ ಕೂತು ಬೆಳೆದವಳು. ಯಾರಾದರೂ ಕತೆಗೆ ಗಂಟಲು ಸರಿಮಾಡಿಕೊಂಡರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ತುಟಿಯಲ್ಲೇ ದೇವರ ಹೆಸರು ಹೇಳಿಕೊಂಡು ಹತ್ತಿರ ಸರಿದೆ.

ಅಜ್ಜಿ ಮಾತಿನಮಲ್ಲಿಯನ್ನು ತುಂಬ ಹೊತ್ತು ನೋಡಿದಳು. "ಮೊದಲು ಕತೆ... ಆಮೇಲೆ ನೀರು... ಆಗಲಿ ತಾಯಿ. ಕೇಳಿ.

"ನಿಮಗೆ ಕಲಿಸೋ ಮೇಡಂ ಸಾಧು. ಆಗ ಇದ್ದೋಳು ಬೇರೆ. ಮೊದಲಿಂದಮ್ಮ ಅಂತ ಹುಡುಗೀರು ಬೆನ್ನ ಹಿಂದೆ ಕರೀತಿದ್ರು, ಎದುರಿಗೆ ಕರೆಯೋ ಎದೆ ಯಾರಿಗಿತ್ತು? ಕರುಣೆಗೂ ಒಂದು ಕ್ರಮ ಇದೆ ಅನ್ನೋಳು. ಮೊದಲು ಕೂತ್ಕೋ, ರೋಗಿ ಕಣ್ಣಿಗೆ ನಿನ್ನ ಕಣ್ಣು ಸಮ ಇರಬೇಕು. ಆಮೇಲೆ ಹೆಸರು ಹಿಡಿದು ಮಾತಾಡ್ಸು. ಆಮೇಲೆ ಕೈ ಹಿಡಿ. ಆಮೇಲೆ ಏನು ಬೇಕು ಅಂತ ಕೇಳು. ನೀರು ಕೊನೇಲಿ. ಒಂದು ಹಿಂದೆಮುಂದೆ ಆದ್ರೂ ಸಾಕು, 'ಮೊದಲಿಂದ!' ಅಂತ ಒಂದು ಕೂಗು... ಆ ಕೂಗಿಗೆ ಹಿತ್ತಲಲ್ಲಿದ್ದ ನಾನೂ ಬೆಚ್ಚಿಬಿದ್ದು, ಒಗೆದ ಬಟ್ಟೆನೇ ಇನ್ನೊಂದ್ಸಲ ಒಗೀತಿದ್ದೆ!"

ನಾವು ನಕ್ಕೆವು. ಅಜ್ಜಿಯ ನಾಲಗೆ ಒಣ ತುಟಿಯ ಮೇಲೆ ಒಮ್ಮೆ ಹರಿದಾಡಿತು. ಮಾತಿನಮಲ್ಲಿ ಬಟ್ಟಲನ್ನು ಇನ್ನಷ್ಟು ಒತ್ತಿ ಹಿಡಿದಳು.

"ಗೊಂಬೆ ಮಲಗಿಸಿಕೊಂಡು ಕಲಿಸಬಹುದಿತ್ತಲ್ಲ? ಗೊಂಬೆ ಮುಂದೆ ಕರುಣೆ ಹುಟ್ಟುತ್ತಾ ಅನ್ನೋಳು. ಅವಳಿಗೆ ಸಾಯ್ತಿರೋರೇ ಬೇಕು. ಆಗ ಬಂದ್ಳು ನೋಡಿ ಹೊಲಿಗೆಯವಳು... ಹಿಂದಿಲ್ಲ ಮುಂದಿಲ್ಲ, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. 'ನನ್ನ ಮೇಲೆ ಕಲ್ತ್ಕೊಳ್ಳಲಿ ಬಿಡಿ ಮೇಡಂ, ಮಕ್ಕಳು' ಅಂದ್ಳು. ಅಂದ್ಬಿಟ್ಳಲ್ಲ...

"ಹಾಡಹಗಲು. ಮಳೆ ಮಾತ್ರ ಹೀಗೇ. ಹೊಸ ಹುಡುಗೀರು ಸಾಲಾಗಿ ನಿಂತಿದ್ರು, ನಾನು ಮಡಿಸಿದ ಬಟ್ಟೆ ಹೊತ್ಕೊಂಡು ಬಾಗಿಲಲ್ಲಿದ್ದೆ. 'ನೀರು' ಅಂದ್ಳು ಹೊಲಿಗೆಯವಳು. ಒಬ್ಬಳು ಓಡಿಬಂದು ಹತ್ತಿ ಅದ್ದಿದ್ಳು, ಹೆಸರು ಕರೆಯೋದು ಮರೆತಳು. 'ಮೊದಲಿಂದ!' ಇನ್ನೊಬ್ಬಳು ಹೆಸರು ಕರೆದ್ಳು, ಕೂತ್ಕೊಳ್ಳಲಿಲ್ಲ. 'ಮೊದಲಿಂದ!' ಮತ್ತೊಬ್ಬಳ ಹತ್ತಿ ತುಟಿಗೆ ಒಂದು ಬೆರಳು ದೂರ ಇತ್ತು ಕಣ್ರೇ... ಹೊಲಿಗೆಯವಳು ಹಕ್ಕಿಮರಿ ಥರ ಬಾಯಿ ತೆರೆದಿದ್ಳು... ಆ ಕೈನ ಹಿಂದಕ್ಕೆ ಎಳೆದಳು ಮೊದಲಿಂದಮ್ಮ. ಏನು ಬೇಕು ಅಂತ ಕೇಳ್ಲಿಲ್ವಂತೆ! 'ಪಾಠ ಮೊದಲು, ಆಮೇಲೆ ನೀರು' ಅಂದ್ಳು. ಹೊಲಿಗೆಯವಳು ಕೈ ಮುಗಿದ್ಳು. ಸಾಯೋರು ಕೈ ಮುಗಿಯೋದು ನೋಡಿದ್ದೀರಾ? ಬೆರಳಿಗೆ ಬೆರಳು ಸಿಗಲ್ಲ...

"ಕೊನೆಗೆ ಒಬ್ಬಳು ಎಲ್ಲ ಸರಿಯಾಗಿ ಮಾಡಿದ್ಳು. ಕೂತಳು, ಕರೆದಳು, ಕೈ ಹಿಡಿದಳು, ಏನು ಬೇಕಮ್ಮ ಅಂದಳು, ಹತ್ತಿ ಇಟ್ಟಳು. 'ಶಭಾಷ್' ಅಂದ್ಳು ಮೊದಲಿಂದಮ್ಮ. ಹೆಣದ ಬಾಯಿ ಒದ್ದೆ ಮಾಡಿದ್ದಕ್ಕೆ ಶಭಾಷ್!"

ಮೂರನೆಯವಳು ನನ್ನ ಪಕ್ಕಕ್ಕೆ ಸರಿದು ಕೂತಳು.

"ಮಣ್ಣು ಮಾಡಿದ್ರು. ಪಾಠ ನಡೀತಾ ಹೋಯ್ತು. ವರ್ಷಗಳು ಉರುಳಿದ ಮೇಲೆ ಮೊದಲಿಂದಮ್ಮನೂ ಹೊಲಿಗೆಯವಳು ಸತ್ತ ಅದೇ ಮಂಚಕ್ಕೆ ಬಿದ್ಳು. ಸುತ್ತ ನಿಂತೋರೆಲ್ಲ ಅವಳ ಕೈಲಿ ಕಲಿತೋರು, ತಪ್ಪೋದುಂಟಾ? ಕೂತ್ರು, ಕರೆದ್ರು, ಕೈ ಹಿಡಿದ್ರು. ಹತ್ತಿ ತೊಟ್ಟಿಕ್ತಾ ಇತ್ತು, ಈ ಕಣ್ಣಾರೆ ನೋಡಿದ್ದೀನಿ... ತುಟಿ ಹತ್ರ ಬರೋ ಹೊತ್ತಿಗೆ ಒಣಗಿ ಹಗುರಾಗಿತ್ತು. ಲೋಟ ತಂದ್ರು, ತುಟಿಗಿಟ್ರೆ ಲೋಟ ಖಾಲಿ. ಒಂದೊಂದ್ಸಲವೂ ಮಂಚದ ತಲೆಯ ಹಿಂದಿನಿಂದ, ಹಲ್ಲಲ್ಲಿ ದಾರ ಕಚ್ಚಿಕೊಂಡು ಮಾತಾಡ್ತಾರಲ್ಲ, ಹಾಗೆ ಮೆತ್ತಗೆ ಒಂದು ದನಿ... 'ಮೊದಲಿಂದ.'

"'ಕ್ರಮ ಹಾಳಾಗಿ ಹೋಗ್ಲಿ, ಸುರೀರೇ ಬಾಯಿಗೆ!' ಅಂತ ಅರಚಿದ್ಳು ಮೊದಲಿಂದಮ್ಮ. ಸುರಿದ್ರು. ಅವಳು ಹೋದ ಮೇಲೆ ದಿಂಬಿನ ಬಟ್ಟೆ ತೆಗೆದೋಳು ನಾನು... ಬಿಸಿಲಿಂದ ಎತ್ತಿಕೊಂಡು ಬಂದ ಹಾಗೆ ಗರಿಗರಿ."

"ತಕ್ಕ ಶಾಸ್ತಿ ಬಿಡಜ್ಜಿ," ಎಂದಳು ಮಾತಿನಮಲ್ಲಿ. "ಅಲ್ಲಿಗೆ ದೆವ್ವದ ಹೊಟ್ಟೆನೂ ತಣ್ಣಗಾಯ್ತು."

"ತಣ್ಣಗಾಯ್ತಾ? ಆಮೇಲೆ ಆ ಮಂಚದಲ್ಲಿ ಒಬ್ಬ ಮೇಷ್ಟ್ರು ಮಲಗಿದ್ರು. ಇರುವೆಗೂ ಕೇಡು ಬಯಸಿದೋರಲ್ಲ. ಅವರೂ ಒಣ ಬಾಯಲ್ಲೇ ಹೋದ್ರು. ಬಾಯಾರಿದ ಜೀವ ಯಾರು ಎತ್ತ ಅಂತ ನೋಡುತ್ತಾ? ಅದಕ್ಕೇ ಆ ಮಂಚ ಖಾಲಿ ಬಿಟ್ಟಿದ್ರು... ಕಿಟಕಿ ಪಕ್ಕ." ಅಜ್ಜಿ ಮಂಚದ ಕಂಬಿಯನ್ನು ಮುಟ್ಟಿದಳು. "ಕತೆ ಆಯ್ತು. ಈಗ ನೀರು ಕೊಡು ತಾಯಿ."

ಮಾತಿನಮಲ್ಲಿಯ ಮುಖದಲ್ಲಿ ನಗುವಿನ ಅಚ್ಚು ಮಾತ್ರ ಉಳಿದಿತ್ತು. ಹತ್ತಿಯನ್ನು ಬಟ್ಟಲಲ್ಲಿ ಪೂರ್ತಿ ಮುಳುಗಿಸಿ ಎತ್ತಿದಳು. ಹನಿ ನನ್ನ ಪಾದದ ಮೇಲೂ ಬಿತ್ತು, ತಣ್ಣಗೆ. ಅಜ್ಜಿ ಬಾಯಿ ತೆರೆದಳು. ಹತ್ತಿ ತುಟಿಯ ಹತ್ತಿರ ಹೋಯಿತು.

ಅಜ್ಜಿಯ ಉಸಿರಿಗೆ ಅದರ ಎಳೆಗಳು ಹಾರಾಡಿದವು.

ಮಾತಿನಮಲ್ಲಿ ಹತ್ತಿಯನ್ನು ಎಸೆದು, ಬಟ್ಟಲನ್ನು ನನ್ನ ಕೈಗೆ ತುರುಕಿ ಬಾಗಿಲಿಗೆ ಓಡಿದಳು. ಅವಳ ಹಿಂದೆ ಮೂರನೆಯವಳು. ಮಂಚದ ತಲೆಯ ಹಿಂದೆ, ಗೋಡೆಗೂ ಕಂಬಿಗೂ ನಡುವಿನ ಗೇಣಗಲ ಜಾಗದಲ್ಲಿ, ಯಾರೋ ದಾರ ಕಡಿದ ಸದ್ದಾಯಿತು.

"ಮೊದಲಿಂದ."

ಅಜ್ಜಿ ನನ್ನ ಕಡೆ ತಿರುಗಿದಳು. "ನೀನಾದ್ರೂ... ದೇವರ ಹೆಸರು ಹೇಳೋಳಲ್ವಾ ನೀನು? ಇನ್ನೊಂದೇ ಸಲ ಮಗಾ. ಒಣಗಿದ್ರೂ ಬೇಜಾರಿಲ್ಲ. ಕೈ ಹತ್ರ ತಾ, ಸಾಕು."

ಬಟ್ಟಲಲ್ಲಿ ನೀರು ತುಳುಕುತ್ತಿತ್ತು. ಅವಳ ಬಾಯಿ ತೆರೆದೇ ಇತ್ತು. ಕೈ ಚಾಚಿದರೆ ಆ ದನಿ ಮತ್ತೆ ಬರುತ್ತದೆ, ಈ ಸಲ ನನಗೆ. ನಾನು ಬಟ್ಟಲನ್ನು ನೆಲದ ಮೇಲಿಟ್ಟು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಇಲ್ಲ ಅಜ್ಜಿ," ಎಂದೆ. "ನಾನು ಕೊಡಲ್ಲ."