ಕೈ ಚಾಚಿದ ಅರಾಬಜ್ಜಿ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಇದು ಎಲ್ಲೋ ಯಾರಿಗೋ ಆದದ್ದಲ್ಲ. ಕಡಲ ದಂಡೆಯ ನಮ್ಮ ಸಾಲ್ಟ್‌ಪಾಂಡ್ ಊರಿನಲ್ಲೇ, ನಮ್ಮ ಪಕ್ಕದ ಮನೆಯ ಎಬೊಗೆ ಆದದ್ದು. ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ...

ಆ ರಾತ್ರಿ ಎಬೊ ಮನೆತನದ ಸಭೆ ಮುಗಿಸಿಕೊಂಡು ಬರುತ್ತಿದ್ದ. ಅವನ ಅಜ್ಜಿ ಅರಾಬ ತೀರಿಕೊಂಡು ವಾರವಾಗಿತ್ತು, ಹೆಣ ಇನ್ನೂ ಆಸ್ಪತ್ರೆಯ ಶೀತಲ ಕೋಣೆಯಲ್ಲಿತ್ತು. ಸಭೆಯಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಕೊನೆಯ ನೀರು ಕೊಟ್ಟವರು ಯಾರು? ಹೋಗುವ ಜೀವಕ್ಕೆ ಮನೆಯವರ ಕೈಯಿಂದಲೇ ನೀರು ಬೀಳಬೇಕು. ಬಾಯಾರಿ ಹೋದವರು ಮನೆ ಬಿಡುವುದಿಲ್ಲ.

"ನಾನೇ ಕೊಟ್ಟೆ," ಎಂದಿದ್ದ ಕ್ವಾಮೆನ. ಅವನು ಅಜ್ಜಿಯ ಇನ್ನೊಬ್ಬ ಮೊಮ್ಮಗ, ಆ ಮನೆಯಲ್ಲಿ ಅವಳ ಜೊತೆ ಇದ್ದವನು ಅವನೊಬ್ಬನೇ. ಹಿರಿಯರು ಭೇಷ್ ಎಂದರು. ಮನೆಯಲ್ಲಿ ಮುಂದೆಯೂ ಅವನೇ ಇರಲಿ ಎಂದರು. ಎಬೊಗೆ ಮಾತ್ರ ನಂಬಿಕೆ ಬರಲಿಲ್ಲ. ಹೇಳುವಾಗ ಕ್ವಾಮೆನ ಒಬ್ಬರ ಮುಖವನ್ನೂ ನೋಡಿರಲಿಲ್ಲ. ತಾಯಿ ಸತ್ತ ಮೇಲೆ ಎಬೊನನ್ನು ಸಾಕಿದವಳು ಅರಾಬಜ್ಜಿ. ನೀರು ಕುಡಿದ ಲೋಟವನ್ನು ಬೋರಲು ಹಾಕದೆ ಎದ್ದರೆ ಕಿವಿ ಹಿಂಡುತ್ತಿದ್ದಳು. ಅಂಥವಳು ಬಾಯಾರಿ ಹೋಗಿದ್ದರೆ?

ದಾರಿ ಅಜ್ಜಿಯ ಮನೆಯ ಹಿಂದಿನ ಬಾವಿಯ ಪಕ್ಕದಲ್ಲೇ. ಬತ್ತಿ ಎಷ್ಟೋ ಕಾಲವಾಗಿ, ಮೇಲೆ ತಗಡು ಮುಚ್ಚಿ ಕಲ್ಲು ಹೇರಿದ್ದರು. ಎಬೊ ದಾಟುವಾಗ... ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಆಮೇಲೆ ತಗಡಿನ ಅಡಿಯಿಂದ, ಖಾಲಿ ಬಕೆಟ್ಟು ಕಲ್ಲಿಗೆ ತಾಗಿದ ಹಾಗೆ... ಠಣ್.

ಆ ರಾಟೆಯ ಕಂಬವನ್ನು ಕಿತ್ತು ಎಂದೋ ಸೌದೆ ಮಾಡಿದ್ದರು. ಎಬೊ ತಿರುಗಿ ನೋಡದೆ ಹೆಜ್ಜೆ ಹಾಕಿದ.

ಮನೆಗೆ ಬಂದವನು ಕಂಪ್ಯೂಟರ್ ಹಾಕಿದ. ಊರಿನ ಗೋಡೆಗಳ ಮೇಲೆ ಅಂಟಿಸುವ ಸಾವಿನ ಪೋಸ್ಟರುಗಳೆಲ್ಲ ತಯಾರಾಗುವುದು ಆ ಡಬ್ಬದಲ್ಲೇ. ತೇಮಾ ಬಂದರಿನಲ್ಲಿ ಹಳೆ ಮಾಲಾಗಿ ಇಳಿದದ್ದು, ಗೂರಲು ಹಿಡಿದವರ ಹಾಗೆ ಗುರ್ರ್ ಎನ್ನುತ್ತದೆ. ಅಜ್ಜಿಯ ಪೋಸ್ಟರು ಬೆಳಿಗ್ಗೆಯೇ ಅಚ್ಚಿಗೆ ಹೋಗಬೇಕಿತ್ತು. ಕ್ವಾಮೆನ ಪೆನ್ ಡ್ರೈವಿನಲ್ಲಿ ಕೊಟ್ಟಿದ್ದ ಫೋಟೋವನ್ನು ಪೋಸ್ಟರುಗಳ ಫೋಲ್ಡರಿಗೆ ಹಾಕಿಕೊಂಡು ತೆರೆದ. ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾಳೆ, ಎರಡೂ ಕೈ ಮಡಿಲಲ್ಲಿ. ಸರಿ ಎಂದು ಮುಚ್ಚಿದ.

ಫೋಲ್ಡರಿನಲ್ಲಿ ಫೋಟೋಗಳ ಸಣ್ಣ ಸಣ್ಣ ಚಿತ್ರ ಸಾಲಾಗಿ ಕಾಣುತ್ತವಲ್ಲ? ಅಲ್ಲಿ ಅಜ್ಜಿಯ ಬಲಗೈ ಮಡಿಲಲ್ಲಿರಲಿಲ್ಲ. ಮುಂದಕ್ಕೆ ಚಾಚಿತ್ತು. ಕೈಯಲ್ಲೊಂದು ಲೋಟ...

ತೆರೆದ. ಕೈ ಮಡಿಲಲ್ಲಿ. ಮುಚ್ಚಿದ. ಕೈ ಚಾಚಿದೆ.

ಎಬೊ ಹೆದರುವ ಪೈಕಿ ಅಲ್ಲ. ಇದು ಹಳೆ ಯಂತ್ರಗಳ ಹಳೆ ಕಾಯಿಲೆ. ಪ್ರತಿ ಫೋಟೋಗೂ ಯಂತ್ರ ಒಂದು ಸಣ್ಣ ನಕಲು ಮಾಡಿ ಕೂಡಿಟ್ಟುಕೊಳ್ಳುತ್ತದೆ, ಒಮ್ಮೊಮ್ಮೆ ಒಂದು ಫೋಟೋದ ಜಾಗದಲ್ಲಿ ಇನ್ನೊಂದರ ನಕಲನ್ನು ತೋರಿಸುತ್ತದೆ. ಹಾಗಾದರೆ ಕೈ ಚಾಚಿದ ಇನ್ನೊಂದು ಫೋಟೋ ಎಲ್ಲಾದರೂ ಇರಬೇಕು. ಪೆನ್ ಡ್ರೈವನ್ನೂ ಯಂತ್ರವನ್ನೂ ಜಾಲಾಡಿದ. ಅಜ್ಜಿಯದು ಇದ್ದದ್ದು ಅದೊಂದೇ ಫೋಟೋ. ವೈರಸ್ ಹುಡುಕಿಸಿದ, ಇಲ್ಲ. ಕೂಡಿಟ್ಟ ನಕಲುಗಳನ್ನೆಲ್ಲ ಅಳಿಸಿ, ಯಂತ್ರವನ್ನು ಆರಿಸಿ ಮತ್ತೆ ಹಾಕಿದ. ಟಿಕ್... ಟಿಕ್... ಗುರ್ರ್. ಬೇರೆಯವರ ಚಿತ್ರಗಳೆಲ್ಲ ಒಂದೊಂದಾಗಿ ನೆಟ್ಟಗೆ ಮೂಡಿದವು. ಅಜ್ಜಿಯದು ಕೊನೆಗೆ.

ಲೋಟ ಈಗ ಇನ್ನೂ ಮುಂದೆ ಬಂದಿತ್ತು. ಅದರ ಒಳಗು ಕಾಣುತ್ತಿತ್ತು. ಖಾಲಿ.

ಆಗ ಬಾಗಿಲು... ಟಕ್. ಟಕ್.

ಕ್ವಾಮೆನ.

"ಪೋಸ್ಟರ್ ಮುಗೀತಾ ಎಬೊಣ್ಣ?" ಪಿಸುಗುಟ್ಟಿದ.

"ಇಷ್ಟೊತ್ನಲ್ಲಿ ಅದನ್ನ ಕೇಳೋಕ್ ಬಂದ್ಯಾ?"

"ನಿದ್ದೆ ಬರ್ತಿಲ್ಲ. ಆ ಮನೇಲಿ... ಬಾವಿ ಸದ್ದು."

"ಬತ್ತಿರೋ ಬಾವಿ ಕಣೋ ಅದು."

"ಗೊತ್ತು."

ಎಬೊ ಪರದೆಯನ್ನು ಅವನತ್ತ ತಿರುಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕ್ವಾಮೆನನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು.

"ನಿಜ ಹೇಳು. ನೀರು ಕೊಟ್ಯಾ?"

ಕ್ವಾಮೆನ ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದ.

"ಕೊಟ್ಯೇನೋ?"

"ಮಂಕೆಸಿಮ್‌ಗೆ ಹೋಗಿದ್ದೆ ಅಣ್ಣ, ಮ್ಯಾಚ್ ನೋಡೋಕೆ. ಬೆಳಗ್ಗೆ ಬಂದು ನೋಡಿದ್ರೆ... ಹೋಗ್ಬಿಟ್ಟಿದ್ಲು. ಎಲ್ರೂ ಕೇಳಿದ್ರು. ಕೊಟ್ಟೆ ಅಂದ್ಬಿಟ್ಟೆ."

"ಅಷ್ಟೇನಾ?"

"ಅಷ್ಟೇ."

ಎಬೊಗೆ ಅಳು ಬಂತು, ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಎರಡು ಲೋಟ ತಂದ. "ತುಂಬು. ನಿಂದೊಂದು, ನಂದೊಂದು. ಹೆಸರು ಹಿಡಿದು ಕರಿ."

ಕ್ವಾಮೆನ ನೀಲಿ ಅಂಚಿನ ಲೋಟ ಇಟ್ಟ, ಎಬೊ ಹಸಿರು ಅಂಚಿನದು. ಪರದೆಯ ಮುಂದೆ, ಪಕ್ಕಪಕ್ಕದಲ್ಲಿ. "ಅರಾಬಜ್ಜಿ, ತಪ್ಪಾಯ್ತು. ಬಾ, ನೀರು ಕುಡಿ," ಎಂದು ಇಬ್ಬರೂ ಕರೆದು, ಬೆನ್ನು ತಿರುಗಿಸಿ ಹೊಸ್ತಿಲ ಮೇಲೆ ಕೂತರು.

ಎಷ್ಟೋ ಹೊತ್ತಿನ ಮೇಲೆ ಕಂಪ್ಯೂಟರಿನ ಗುರ್ರ್ ನಿಂತಿತು. ಆಮೇಲೆ... ಗುಟುಕ್. ಗುಟುಕ್. ಕೊನೆಗೆ ಮರದ ಮೇಜಿನ ಮೇಲೆ ಲೋಟ ಕೂತ ಸದ್ದು, ಠಕ್. ಇಬ್ಬರಿಗೂ ತಿರುಗುವ ಧೈರ್ಯ ಬರಲಿಲ್ಲ.

ಬೆಳಕು ಹರಿದ ಮೇಲೆ ನೋಡಿದರು. ಎಬೊನ ಲೋಟ ಬೋರಲಾಗಿತ್ತು. ಮೇಜಿನ ಮೇಲೆ ಹನಿ ತೇವವೂ ಇಲ್ಲ. ಫೋಲ್ಡರಿನಲ್ಲಿ ಅಜ್ಜಿಯ ಎರಡೂ ಕೈ ಮಡಿಲಿಗೆ ಬಂದಿದ್ದವು.

ಕ್ವಾಮೆನನ ಲೋಟ ಮಾತ್ರ ತುಂಬಿದಂತೆಯೇ ಇತ್ತು.

ಬಾಯಾರಿದ್ದವಳು ಅವನ ಕೈನೀರನ್ನು ಯಾಕೆ ಮುಟ್ಟಲಿಲ್ಲ? ಆ ರಾತ್ರಿ ಅವನು ನಿಜಕ್ಕೂ ಮಂಕೆಸಿಮ್‌ಗೆ ಹೋಗಿದ್ದನೇ? ಎಬೊ ಅದನ್ನು ಕೇಳಬೇಕೆಂದು ತಿರುಗಿದ. ಕ್ವಾಮೆನ ಮಾತ್ರ ಯಾಕೆ ಅಂತಲೂ ಕೇಳಲಿಲ್ಲ ನೋಡಿ, ಆಶ್ಚರ್ಯವೂ ಪಡಲಿಲ್ಲ. ಎದ್ದು ಹೊರಟ. ಎಬೊ ಹಿರಿಯರಿಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಅವನು ಊರು ಬಿಟ್ಟಿದ್ದ, ಅಜ್ಜಿಯ ಮಣ್ಣಿಗೂ ಬರಲಿಲ್ಲ.

ಕಟ್ಟುಕತೆ ಅನ್ನುವವರು ಎಬೊನ ಮನೆಗೆ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ನೀಲಿ ಅಂಚಿನ ಆ ಲೋಟವನ್ನು ಎತ್ತಿಡಲು ಯಾರಿಗೂ ಮನಸ್ಸು ಬಂದಿಲ್ಲ, ಇನ್ನೂ ಅದೇ ಮೇಜಿನ ಮೇಲಿದೆ. ಇಷ್ಟು ಬೇಸಿಗೆ ಕಳೆದವು. ನೀರು ಒಂದು ಬೆರಳೂ ಇಳಿದಿಲ್ಲ.